ಒಂದೇ ರಕ್ತ, ಎರಡು ರಿಪೋರ್ಟು: ಸಕಲೇಶಪುರ ಕಡೆಯ ಒಬ್ಬ ರೋಗಿ ಮತ್ತು ಮೈಕ್ರೋ ಆರ್‌ಎನ್‌ಎ ಪರೀಕ್ಷೆ

ಜವಳಿ ಅಂಗಡಿಯ ಕವರಿನೊಳಗೆ ಒಂದು ಎಕ್ಸ್‌ರೇ, ಸಿಟಿ ಸ್ಕ್ಯಾನಿನ ಫಿಲ್ಮುಗಳು, ಅರ್ಧ ಖಾಲಿಯಾದ ಟಿಬಿ ಮಾತ್ರೆಯ ಶೀಟು. ಎಲ್ಲದರ ಮೇಲೆ ಹೊಳಪು ಕಾಗದದ ಎಂಟು ಪುಟದ ರಿಪೋರ್ಟು. ಮಗ ಮೊದಲು ನನ್ನ ಕೈಗಿಟ್ಟದ್ದು ಅದನ್ನೇ.

"ಸರ್, ಬೆಂಗಳೂರಲ್ಲಿ ಮೈಕ್ರೋ ಆರ್‌ಎನ್‌ಎ ಟೆಸ್ಟ್ ಮಾಡಿಸಿದೀವಿ. ಲೋ ರಿಸ್ಕ್ ಬಂದಿದೆ. ಇನ್ನು ಬಯಾಪ್ಸಿ ಬೇಡ ಅಲ್ವಾ?"

ಶ್ವಾಸಕೋಶದ ಕ್ಯಾನ್ಸರ್ ಇದೆಯೇ ಎಂದು ರಕ್ತದಿಂದಲೇ ಅಂದಾಜು ಮಾಡುವ ಟೆಸ್ಟು ಅದು. ಬಯಾಪ್ಸಿ ಅಂದರೆ ಸೂಜಿ ಹಾಕಿ ಗಡ್ಡೆಯ ತುಣುಕು ತೆಗೆದು ನೋಡುವುದು. ಪಕ್ಕದ ಸ್ಟೂಲಿನ ಮೇಲೆ ಅವನ ತಾಯಿ. ವಯಸ್ಸು 58. ಸಕಲೇಶಪುರದಾಚೆಯ ಹಳ್ಳಿ, ಮೂರು ಎಕರೆ ರೋಬಸ್ಟಾ ಕಾಫಿ, ಸ್ವಲ್ಪ ಗದ್ದೆ. ಫೆಬ್ರವರಿ ತಿಂಗಳು, ಕೊಯ್ಲು ಇನ್ನೂ ಪೂರ್ತಿ ಮುಗಿದಿರಲಿಲ್ಲ. ಕಣದಲ್ಲಿ ಹಣ್ಣು ಹರವಿ ಬಂದಿದ್ದೇನೆ, ಬೇಗ ಕಳಿಸಿ ಅಂತ ಬಂದ ಕೂಡಲೇ ಹೇಳಿದ್ದರು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ, ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಕೆಮ್ಮು ಶುರುವಾಗಿ ಐದು ತಿಂಗಳು. ಎರಡು ಸಲ ಕಫದಲ್ಲಿ ರಕ್ತದ ಎಳೆ ಕಂಡಿದೆ. ತೂಕ 52 ಕಿಲೋ ಇದ್ದದ್ದು 46ಕ್ಕೆ ಇಳಿದಿದೆ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು. ನಮ್ಮ ದೇಶದಲ್ಲಿ ಆ ಜಾಗದಲ್ಲಿ ನೆರಳು ಕಂಡರೆ ವೈದ್ಯರ ಬಾಯಲ್ಲಿ ಮೊದಲು ಬರುವ ಹೆಸರು ಟಿಬಿ. ಕಫದಲ್ಲಿ ಕ್ರಿಮಿ ಸಿಗದಿದ್ದರೂ ವೈದ್ಯರೊಬ್ಬರು ಮಾತ್ರೆ ಶುರು ಮಾಡಿದ್ದರು. ದಿನಕ್ಕೆ ಮೂರು ಮಾತ್ರೆ, ಎರಡು ತಿಂಗಳು. ಮೂತ್ರ ಕೆಂಪಗೆ ಹೋಗಿದ್ದು ಬಿಟ್ಟರೆ ಏನೂ ಬದಲಾಗಲಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ. "ಎರಡು ತಿಂಗಳು ಕೊಟ್ಟು ನೋಡೋಣ" ಎಂದು ನಾನೂ ಬರೆದದ್ದಿದೆ, ಅದರಲ್ಲಿ ಕೆಲವು ಸಲ ತಪ್ಪಿದ್ದೂ ಇದೆ.

ಬೀಡಿ, ಸಿಗರೇಟು ಮುಟ್ಟಿದವರಲ್ಲ. ಮನೆಯಲ್ಲಿ ಗಂಡ ಸೇದುತ್ತಿದ್ದರಾ ಎಂದರೆ ಅದೂ ಇಲ್ಲ. ಒಲೆ? ಗ್ಯಾಸ್ ಬಂದು ಹತ್ತು ವರ್ಷವಾಗಿದೆ, ಅದಕ್ಕೂ ಮೊದಲು ನಲವತ್ತು ವರ್ಷ ಸೌದೆ ಒಲೆ. ಬಚ್ಚಲ ಹಂಡೆಗೆ ಈಗಲೂ ಸೌದೆಯೇ. ಮಳೆಗಾಲದಲ್ಲಿ ಹಸಿ ಕಾಫಿ ಬೊಡ್ಡೆ ಹೊತ್ತಿಕೊಳ್ಳಬೇಕಾದರೆ ಊದುಗೊಳವೆ ಹಿಡಿದು ಕಾಲು ಗಂಟೆ ಹೊಗೆಯಲ್ಲಿ ಕೂರಬೇಕು. ಮನೆಯೊಳಗೆ ಸೌದೆ ಸುಡುವ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ "ಬಹುಶಃ ಕ್ಯಾನ್ಸರ್‌ಕಾರಕ" ಎಂಬ 2ಎ ಗುಂಪಿಗೆ ಸೇರಿಸಿದೆ. ಈಕೆಗೆ ರೋಗ ಬಂದದ್ದು ಅದರಿಂದಲೇ ಎಂದು ಹೇಳಲಾರೆ. ಸೇದದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ ಎಂಬುದನ್ನು ಮಾತ್ರ ನಮ್ಮ ಹೊರರೋಗಿ ವಿಭಾಗಗಳು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ.

ಸಿಟಿ ಸ್ಕ್ಯಾನಿನಲ್ಲಿ 3.4 ಸೆಂಟಿಮೀಟರಿನ ಗಡ್ಡೆ. ಅಂಚು ನುಣ್ಣಗಿಲ್ಲ, ಸುತ್ತಲೂ ಎಳೆ ಎಳೆಯಾಗಿ ಚಾಚಿಕೊಂಡಿದೆ. ಎಡ ಶ್ವಾಸಕೋಶದಲ್ಲೂ ಮೆಣಸಿನ ಕಾಳಿನಷ್ಟು ದೊಡ್ಡ ಐದಾರು ಚುಕ್ಕೆ. ರಿಪೋರ್ಟು ಬದಿಗಿಟ್ಟು, ಬರೀ ಈ ಚಿತ್ರ ಮತ್ತು ಕಥೆ ಹಿಡಿದು ಯಾರಾದರೂ ಕೇಳಿದ್ದರೆ ಕ್ಯಾನ್ಸರ್ ಆಗಿರುವ ಸಂಭವ ನೂರಕ್ಕೆ 80 ಎನ್ನುತ್ತಿದ್ದೆ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ 80ರ ಮೇಲೆ.

ಚೀಟಿ ತಡೆಯುವವರು

ಮೈಕ್ರೋ ಆರ್‌ಎನ್‌ಎ ಎಂದರೇನು ಎಂದು ತಾಯಿ ಕೇಳಿದರು. ಮಗ "ಅದು ಜೀನಿಂದು ಕಣಮ್ಮ" ಎಂದು ಮುಗಿಸಿದ್ದ. ನಾನು ತೋಟದ ಲೆಕ್ಕದಲ್ಲಿ ಹೇಳಿದೆ. ಎಸ್ಟೇಟ್ ಆಫೀಸಿನಿಂದ ರೈಟರು ಚೀಟಿ ಬರೆದು ಕಳಿಸುತ್ತಾರೆ: ಇಂದು ಈ ಪಟ್ಟೆಯಲ್ಲಿ ಇಷ್ಟು ಆಳು, ಇಷ್ಟು ಗೊಬ್ಬರ. ಚೀಟಿ ಮೇಸ್ತ್ರಿ ಕೈ ಸೇರಿದರೆ ಕೆಲಸ ಆಗುತ್ತದೆ. ಜೀವಕೋಶದಲ್ಲೂ ಹಾಗೆಯೇ. ಜೀನಿನಿಂದ ಹೊರಡುವ ಚೀಟಿ ಸಂದೇಶವಾಹಕ ಆರ್‌ಎನ್‌ಎ, ಆಗುವ ಕೆಲಸ ಪ್ರೋಟೀನು. ಮೈಕ್ರೋ ಆರ್‌ಎನ್‌ಎ ಅನ್ನುವುದು ನಡುದಾರಿಯಲ್ಲಿ ಚೀಟಿ ಹಿಡಿದು "ಇದು ಬೇಡ" ಎಂದು ತಡೆಯುವ ಆಳು. ಉದ್ದ ಸುಮಾರು 22 ಅಕ್ಷರ, ಅಷ್ಟೇ. ಒಬ್ಬನೇ ಆಳು ನೂರಾರು ಬಗೆಯ ಚೀಟಿ ತಡೆಯಬಲ್ಲ.

ಇದು ಮೊದಲು ಸಿಕ್ಕಿದ್ದು 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಅದನ್ನು ಕಂಡುಹಿಡಿದದ್ದಕ್ಕೆ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಬಂತು. ಎರಡನೆಯದಾಗಿ 2000ದಲ್ಲಿ ಸಿಕ್ಕ ಲೆಟ್-7 ಮನುಷ್ಯರಲ್ಲೂ ಇದೆ. ಶ್ವಾಸಕೋಶದ ಕ್ಯಾನ್ಸರಿನ ಕಥೆಗೆ ಬಾಗಿಲು ತೆರೆದದ್ದು ಅದೇ. ರಾಸ್ ಎಂಬ ಜೀನು ಕೋಶಕ್ಕೆ "ಬೆಳೆ, ಬೆಳೆ" ಎಂದು ಚೀಟಿ ಕಳಿಸುತ್ತದೆ, ಲೆಟ್-7 ಅದನ್ನು ತಡೆಯುತ್ತದೆ. ಕಾವಲುಗಾರ ಕಡಿಮೆಯಾದರೆ ಬೆಳವಣಿಗೆಗೆ ಲಂಗುಲಗಾಮಿಲ್ಲ. ಮಿರ್-21 ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎಯದ್ದು ಇದರ ತಿರುವುಮುರುವು: ಅದು ತಡೆಯುವುದು ಪಿಟೆನ್‌ನಂಥ, ಕ್ಯಾನ್ಸರನ್ನು ಅದುಮಿಡುವ ಜೀನುಗಳ ಚೀಟಿಯನ್ನು. ಹಾಗಾಗಿ ಗಡ್ಡೆಗಳಲ್ಲಿ ಅದು ಏರಿರುತ್ತದೆ.

ಇವು ಕೋಶದೊಳಗಷ್ಟೇ ಇದ್ದಿದ್ದರೆ ರಕ್ತಪರೀಕ್ಷೆಯ ಮಾತೇ ಬರುತ್ತಿರಲಿಲ್ಲ. ಆರ್‌ಎನ್‌ಎ ಸಾಮಾನ್ಯವಾಗಿ ರಕ್ತದಲ್ಲಿ ಕ್ಷಣ ನಿಲ್ಲುವ ವಸ್ತುವಲ್ಲ, ಅಲ್ಲಿನ ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಆದರೆ ಮೈಕ್ರೋ ಆರ್‌ಎನ್‌ಎಗಳು ಪ್ರೋಟೀನಿಗೆ ಅಂಟಿಕೊಂಡೋ ಕೊಬ್ಬಿನ ಪೊರೆಯ ಸಣ್ಣ ಚೀಲಗಳೊಳಗೆ ಕೂತೋ ಬದುಕಿಕೊಳ್ಳುತ್ತವೆ, ಪ್ಲಾಸ್ಮಾದಲ್ಲಿ (ಕಣಗಳನ್ನು ತೆಗೆದರೆ ಉಳಿಯುವ ರಕ್ತದ ದ್ರವ) ಅಳೆಯುವಷ್ಟು ಗಟ್ಟಿಯಾಗಿ ಉಳಿಯುತ್ತವೆ ಎಂದು 2008ರಲ್ಲಿ ಗೊತ್ತಾಯಿತು. ಅಲ್ಲಿಂದ ಈಚೆಗೆ ಲ್ಯಾಬುಗಳ ಕಣ್ಣು ಇದರ ಮೇಲೆ ಬಿದ್ದಿದೆ.

ಟ್ಯೂಬಿನ ಬಣ್ಣ

ಎಂಟು ಪುಟದಲ್ಲಿ ಏಳು ಪುಟ ಬಣ್ಣಬಣ್ಣದ ಚಿತ್ರ. ಏಳನೇ ಪುಟದ ಕೆಳಗೆ, ಕನ್ನಡಕ ಏರಿಸಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು: ಸ್ಯಾಂಪಲ್ ತುಸು ಹಿಮೋಲೈಸ್ ಆಗಿದೆ. ಅಂದರೆ ಕೆಂಪು ರಕ್ತಕಣಗಳು ಒಡೆದಿವೆ.

ರಕ್ತ ಹೇಗೆ ತೆಗೆದರು ಎಂದು ಕೇಳಿದೆ. ಮನೆಗೇ ಬಂದು ತೆಗೆದುಕೊಂಡು ಹೋದರಂತೆ. ನರ ಸಿಗದೆ ಎರಡು ಸಲ ಚುಚ್ಚಿದ್ದಾರೆ. ಹುಡುಗ ಬೈಕಿನಲ್ಲಿ ಸಕಲೇಶಪುರಕ್ಕೆ ಒಯ್ದಿದ್ದಾನೆ, ಅಲ್ಲಿಂದ ಬಸ್ಸಿನಲ್ಲಿ ಹಾಸನ, ಸಂಜೆಯ ಗಾಡಿಯಲ್ಲಿ ಬೆಂಗಳೂರು. ಅಂದರೆ ಇನ್ನೂರು ಕಿಲೋಮೀಟರಿಗೂ ಮೇಲೆ ಸ್ಪಿನ್ ಮಾಡದ, ಅಂದರೆ ಯಂತ್ರದಲ್ಲಿ ಗಿರಗಿರ ತಿರುಗಿಸಿ ಕಣಗಳನ್ನು ಬೇರ್ಪಡಿಸದ ರಕ್ತ ಕುಲುಕುತ್ತಾ ಹೋಗಿದೆ.

ಸಕ್ಕರೆ, ಕೊಲೆಸ್ಟ್ರಾಲ್ ನೋಡುವುದಾದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೈಕ್ರೋ ಆರ್‌ಎನ್‌ಎ ವಿಷಯದಲ್ಲಿ ಕೆಂಪು ರಕ್ತಕಣ ಒಡೆದರೆ ಕೆಲಸ ಕೆಟ್ಟಿತು. ಮಿರ್-451, ಮಿರ್-16, ಮಿರ್-486 ಕೆಂಪು ಕಣಗಳಲ್ಲಿ ತುಂಬಿ ತುಳುಕುತ್ತಿರುತ್ತವೆ. ಸ್ವಲ್ಪ ಕಣ ಒಡೆದರೂ ಸಾಕು, ಗಡ್ಡೆಯಿಂದ ಬಂದಿರಬಹುದಾದ ಪಿಸುಮಾತು ಆ ಗದ್ದಲದಲ್ಲಿ ಮುಳುಗುತ್ತದೆ. ಇವುಗಳಲ್ಲಿ ಕೆಲವನ್ನು ಕ್ಯಾನ್ಸರಿನ ಗುರುತು ಎಂದು, ಒಟ್ಟಿಗೆ ಅಳೆಯುವ ಮೈಕ್ರೋ ಆರ್‌ಎನ್‌ಎಗಳ ಪಟ್ಟಿಯಲ್ಲಿ ಸೇರಿಸಿಕೊಂಡ ಪ್ಯಾನೆಲ್‌ಗಳಿವೆ, ಹೋಲಿಕೆಯ ಅಳತೆಗೋಲಾಗಿ ಬಳಸಿದವೂ ಇವೆ. ಅಳತೆಗೋಲೇ ಉಬ್ಬಿದರೆ ಅಳೆದದ್ದೆಲ್ಲ ಕುಗ್ಗಿ ಕಾಣುತ್ತದೆ. ಒಳ್ಳೆಯ ಲ್ಯಾಬು ಮಾಡಬೇಕಾದದ್ದು ಇಷ್ಟು: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು ಬೇಗ ಸ್ಪಿನ್ ಮಾಡಬೇಕು, 414 ನ್ಯಾನೋಮೀಟರಿನ ಬೆಳಕಿನಲ್ಲಿ ಹಿಮೋಗ್ಲೋಬಿನ್ ಸೋರಿದೆಯೇ ನೋಡಬೇಕು, ಕಣ ಒಡೆದರೂ ಹೆಚ್ಚು ಬದಲಾಗದ ಮಿರ್-23ಎ ಮತ್ತು ಮಿರ್-451ರ ಅಂತರ ನೋಡಬೇಕು, ಕೆಟ್ಟಿದ್ದರೆ ಸ್ಯಾಂಪಲ್ ವಾಪಸ್ ಕಳಿಸಬೇಕು. ಈ ಲ್ಯಾಬು "ತುಸು" ಎಂದು ಬರೆದು ರಿಪೋರ್ಟನ್ನೂ ಕೊಟ್ಟಿದೆ, ದುಡ್ಡನ್ನೂ ತೆಗೆದುಕೊಂಡಿದೆ. ಹೆಪಾರಿನ್ ಟ್ಯೂಬಿನಲ್ಲಿ ಹಾಕಿರಲಿಲ್ಲ, ಅದೊಂದು ಪುಣ್ಯ. ಹೆಪಾರಿನ್ ಈ ಅಳತೆ ಮಾಡುವ ಪಿಸಿಆರ್ ವಿಧಾನವನ್ನೇ ತಡೆಯುತ್ತದೆ.

ನೂರು ಜನರ ಲೆಕ್ಕ

ಸ್ಯಾಂಪಲ್ ಚೆನ್ನಾಗಿಯೇ ಇತ್ತು ಎಂದುಕೊಳ್ಳೋಣ. ಆಗಲಾದರೂ "ಲೋ ರಿಸ್ಕ್" ನಂಬಿ ಬಯಾಪ್ಸಿ ಬಿಡಬಹುದಿತ್ತಾ? ಮಗ ಸಾಫ್ಟ್‌ವೇರ್ ಹುಡುಗ, ಲೆಕ್ಕಕ್ಕೆ ಹೆದರುವವನಲ್ಲ. ಮಾತ್ರೆಚೀಟಿಯ ಹಿಂದೆ ಬರೆದು ತೋರಿಸಿದೆ.

ಈ ಕ್ಷೇತ್ರದಲ್ಲಿ ಗಟ್ಟಿ ಕೆಲಸ ಎಂದು ನಾನು ಎಣಿಸುವುದು ಇಟಲಿಯ ಮಿಲ್ಡ್ ಎಂಬ ತಪಾಸಣಾ ಅಧ್ಯಯನದ ರಕ್ತವನ್ನು ಬಳಸಿ 2014ರಲ್ಲಿ ಪ್ರಕಟವಾದದ್ದು. ಒಟ್ಟು 939 ಜನ, ಅವರಲ್ಲಿ 69 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್. 24 ಮೈಕ್ರೋ ಆರ್‌ಎನ್‌ಎಗಳ ಪ್ಯಾನೆಲ್ಲು ನೂರು ಕ್ಯಾನ್ಸರಿನಲ್ಲಿ 87 ಹಿಡಿಯಿತು, ಕ್ಯಾನ್ಸರಿಲ್ಲದ ನೂರರಲ್ಲಿ 81 ಜನರಿಗೆ "ಇಲ್ಲ" ಎಂದು ಸರಿಯಾಗಿ ಹೇಳಿತು. ಅಮ್ಮನ ರಿಪೋರ್ಟು ಆ ಪ್ಯಾನೆಲ್ಲಿನದ್ದಲ್ಲ, ಬೇರೆ ಪಟ್ಟಿ. ಆದರೂ ಅಷ್ಟೇ ಚೆನ್ನಾಗಿದೆ ಎಂದು ಧಾರಾಳವಾಗಿ ಒಪ್ಪಿಕೊಂಡೆ.

ಈಗ ಇವರಂಥ ನೂರು ಜನ: ಇಂಥದೇ ಗಡ್ಡೆ, ಇಷ್ಟೇ ತೂಕ ಇಳಿಕೆ. ನನ್ನ ಅಂದಾಜಿನಂತೆ 80 ಜನಕ್ಕೆ ಕ್ಯಾನ್ಸರ್, 20 ಜನಕ್ಕೆ ಇಲ್ಲ. 80ರಲ್ಲಿ ಟೆಸ್ಟು ಹಿಡಿಯುವುದು 70, "ಲೋ ರಿಸ್ಕ್" ಎಂದು ಮನೆಗೆ ಕಳಿಸುವುದು 10. ಇಲ್ಲದ 20ರಲ್ಲಿ "ಲೋ ರಿಸ್ಕ್" 16, ಸುಮ್ಮನೆ ಹೆದರಿಸುವುದು 4. ಅಂದರೆ "ಲೋ ರಿಸ್ಕ್" ಚೀಟಿ ಹಿಡಿದ 26 ಜನರಲ್ಲಿ 10 ಜನಕ್ಕೆ ಕ್ಯಾನ್ಸರ್ ಇದೆ.

ಹುಡುಗ ಆ 10ರ ಸುತ್ತ ಪೆನ್ನಿನಿಂದ ಸೊನ್ನೆ ಸುತ್ತಿದ. ಏನೂ ಮಾತಾಡಲಿಲ್ಲ.

"ಹೈ ರಿಸ್ಕ್" ಬಂದಿದ್ದರೆ? 74ರಲ್ಲಿ 70. ಅನುಮಾನ 80ರಿಂದ 95ಕ್ಕೆ ಏರುತ್ತಿತ್ತು, ಆದರೂ ಸೂಜಿ ತಪ್ಪುತ್ತಿರಲಿಲ್ಲ. ಯಾವ ಜಾತಿಯ ಕ್ಯಾನ್ಸರು, ಅದರಲ್ಲಿ ಯಾವ ಜೀನು ಕೆಟ್ಟಿದೆ ಎಂದು ಹೇಳಬಲ್ಲದ್ದು ಗಡ್ಡೆಯ ತುಣುಕೇ. ಎರಡರಲ್ಲಿ ಯಾವ ಉತ್ತರ ಬಂದರೂ ನಾಳೆ ಮಾಡುವ ಕೆಲಸ ಅದೇ ಆಗಿದ್ದರೆ ಆ ಟೆಸ್ಟು ಈ ರೋಗಿಗೆ ಬೇಕಾಗಿರಲಿಲ್ಲ. ನನ್ನ ತಕರಾರು ಇಷ್ಟೇ.

ಇದೇ ಟೆಸ್ಟು ಬೇರೆ ಜಾಗದಲ್ಲಿ ಕೂತರೆ ಲೆಕ್ಕ ಬೇರೆ. ಗಡ್ಡೆ ಇದೆಯೋ ಇಲ್ಲವೋ ಗೊತ್ತಿಲ್ಲದ ಸಾವಿರ ಜನ, ಅವರಲ್ಲಿ ಹತ್ತು ಜನಕ್ಕೆ ಕ್ಯಾನ್ಸರ್ ಎಂದುಕೊಳ್ಳಿ. "ಲೋ ರಿಸ್ಕ್" ಬಂದ ಸುಮಾರು 800 ಜನರಲ್ಲಿ ತಪ್ಪಿಸಿಕೊಳ್ಳುವವರು ಒಬ್ಬರೋ ಇಬ್ಬರೋ. ಆಗ ಆ ಚೀಟಿಗೆ ಬೆಲೆ ಇದೆ. ಅಮೆರಿಕದಲ್ಲಿ 53,454 ಭಾರೀ ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಕಡಿಮೆ ವಿಕಿರಣದ ಸಿಟಿಯಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ನೂರಕ್ಕೆ 20ರಷ್ಟು ತಗ್ಗಿತು. ಆದರೆ "ಏನೋ ಇದೆ" ಎಂದು ಬಂದ ಸ್ಕ್ಯಾನುಗಳಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಸುಳ್ಳು ಎಚ್ಚರಿಕೆ. ಇಟಲಿಯವರು ಸಿಟಿಯ ಜೊತೆ ರಕ್ತಪರೀಕ್ಷೆ ಸೇರಿಸಿದಾಗ ಸುಳ್ಳು ಎಚ್ಚರಿಕೆ ನೂರಕ್ಕೆ 19.4ರಿಂದ 3.7ಕ್ಕೆ ಇಳಿಯಿತು. ಈ ಪರೀಕ್ಷೆಯ ನಿಜವಾದ ಜಾಗ ಅಲ್ಲಿದೆ ಎಂದು ನನಗನಿಸುತ್ತದೆ. ಹಳೇ ಟಿಬಿಯ ಕಲೆ ಮನೆಮನೆಗೂ ಇರುವ ನಮ್ಮಲ್ಲಿ ಅಂಥದ್ದು ಇನ್ನೂ ಹೆಚ್ಚು ಬೇಕು.

ಅಲ್ಲೂ ಒಂದು ತೊಡಕು. ಮಿಲ್ಡ್‌ನಲ್ಲಿ ಇದ್ದವರು ದಿನಕ್ಕೊಂದು ಪ್ಯಾಕಿನ ಲೆಕ್ಕದಲ್ಲಿ 20 ವರ್ಷವಾದರೂ ಸೇದಿದ ಇಟಲಿಯವರು. ಬೀಡಿ ಮುಟ್ಟದ, ಹಂಡೆಗೆ ಬೆಂಕಿ ಹಾಕಿದ ಮಲೆನಾಡಿನ ಹೆಂಗಸಿಗೆ ಅದೇ ಅಂಕಿ ಹೊಂದಬೇಕೆಂದೇನಿಲ್ಲ. ಮಿರ್-21, ಮಿರ್-155 ಉರಿಯೂತದಲ್ಲೂ ಏರುತ್ತವೆ. ಕ್ಯಾನ್ಸರಿನವರ ಎದುರು ಬರೀ ಆರೋಗ್ಯವಂತರನ್ನು ನಿಲ್ಲಿಸಿ ಗೆದ್ದ ಪ್ಯಾನೆಲ್ಲು, ಟಿಬಿಯವರನ್ನು ನಿಲ್ಲಿಸಿದಾಗಲೂ ಗೆಲ್ಲುತ್ತದೆಯೇ? ಇಲ್ಲಿ ಮಾರುವ ಮುನ್ನ ಕೇಳಬೇಕಾದ ಪ್ರಶ್ನೆ ಅದು.

ಸೂಜಿ

ಲೆಕ್ಕ ಮಗನಿಗೆ ಸಾಕಾಯಿತು. ತಾಯಿಗೆ ಸಾಕಾಗಲಿಲ್ಲ.

"ಸೂಜಿ ಹಾಕಿದ್ರೆ ಹರಡ್ಕಂತದೆ ಅಂತಾರಲ್ಲ ಡಾಕ್ಟ್ರೇ. ನಮ್ಮ ಪಕ್ಕದ ಮನೆ ಅಕ್ಕ ಹಂಗೇ ಹೋಗಿದ್ದು."

ಅದು ಊರೂರಲ್ಲೂ ಇರುವ ಮಾತು. ಕಾಯಿಲೆ ಬಲಿತ ಮೇಲೆ ಆಸ್ಪತ್ರೆಗೆ ಬಂದು, ಸೂಜಿ ಹಾಕಿಸಿಕೊಂಡು, ತಿಂಗಳಲ್ಲಿ ತೀರಿಕೊಂಡವರನ್ನು ಕಂಡ ಊರು ಸೂಜಿಯನ್ನೇ ಕೊಲೆಗಾರ ಮಾಡುತ್ತದೆ. "ಅಮ್ಮಾ, ಸೂಜಿಯಿಂದ ಕಾಯಿಲೆ ಹರಡೋದು ತೀರಾ ಅಪರೂಪ. ನನಗೆ ಭಯ ಇರೋದು ಬೇರೆ. ಶ್ವಾಸಕೋಶದ ಸುತ್ತ ಗಾಳಿ ಸೋರಿ ಉಸಿರು ಕಟ್ಟಬಹುದು. ಹಾಗಾದರೆ ಒಂದು ಟ್ಯೂಬ್ ಹಾಕಿ ಎರಡು ದಿನ ಇಟ್ಕೋತೀವಿ" ಎಂದೆ. ನಿಜವಾದ ಅಪಾಯ ಹೇಳಿದ ಮೇಲೆ ಅವರಿಗೆ ಸುಳ್ಳು ಅಪಾಯದ ಭಯ ಸ್ವಲ್ಪ ಇಳಿಯಿತು. ಕಣದ ಹಣ್ಣು ಒಣಗಿ ಮೂಟೆ ಕಟ್ಟಿಸಿ ಬರುತ್ತೇನೆ ಎಂದು ಐದು ದಿನ ಕೇಳಿದರು. ಕೊಟ್ಟೆ.

ಮಗ ಆ ಐದು ದಿನದೊಳಗೆ ಟೆಸ್ಟನ್ನು ಮತ್ತೊಮ್ಮೆ ಮಾಡಿಸುತ್ತೇನೆ ಎಂದ. ಬೇಡ ಎಂದು ಹೇಳಬೇಕಿತ್ತು. ಹೇಳಲಿಲ್ಲ, ನನಗೂ ಕುತೂಹಲ. ಈ ಸಲ ರಕ್ತ ತೆಗೆದದ್ದು ನಮ್ಮಲ್ಲೇ, ಅರ್ಧ ಗಂಟೆಯಲ್ಲಿ ಸ್ಪಿನ್ ಆಯಿತು. ಮೇಲೆ ನಿಂತ ಪ್ಲಾಸ್ಮಾ ಒಣಹುಲ್ಲಿನ ಬಣ್ಣಕ್ಕಿತ್ತು. ನಮ್ಮ ಟೆಕ್ನಿಷಿಯನ್ ಹುಡುಗಿ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಐಸಿನಲ್ಲಿಟ್ಟು ಕಳಿಸಿದೆವು.

ಬಯಾಪ್ಸಿ ಸುಸೂತ್ರವಾಗಿ ಆಯಿತು. ಸಿಟಿ ನೋಡಿಕೊಂಡು ಸೂಜಿ ಹಾಕಿ ಮೂರು ಎಳೆ ತೆಗೆದೆವು, ಒಂದೊಂದೂ ಶಾವಿಗೆಯಷ್ಟು ದಪ್ಪ. ಅಂಚಿನಲ್ಲಿ ಕೂದಲೆಳೆಯಷ್ಟು ಗಾಳಿ ಕಂಡಿತು, ತಾನೇ ಹೀರಿಕೊಂಡಿತು. ತುಣುಕಿನಲ್ಲಿ ಟಿಬಿ ಕ್ರಿಮಿ ಇರಲಿಲ್ಲ. ಇದ್ದದ್ದು ಅಡಿನೋಕಾರ್ಸಿನೋಮ, ಟಿಟಿಎಫ್-1 ಪಾಸಿಟಿವ್: ಶ್ವಾಸಕೋಶದಲ್ಲೇ ಹುಟ್ಟಿದ ಕ್ಯಾನ್ಸರ್ ಎಂಬುದರ ಗುರುತು. ಎರಡೂ ಕಡೆ ಗಂಟು ಇರುವುದರಿಂದ ನಾಲ್ಕನೇ ಹಂತ.

ಎರಡನೇ ಮೈಕ್ರೋ ಆರ್‌ಎನ್‌ಎ ರಿಪೋರ್ಟು ಅದರ ಮರುದಿನ ಬಂತು. ಹೈ ರಿಸ್ಕ್. ಅದೇ ಲ್ಯಾಬು, ಅದೇ ಹೆಂಗಸು, ಮೂರು ವಾರದೊಳಗೆ ಎರಡು ಉತ್ತರ. ಮೊದಲನೆಯದು ಹಿಮೋಲೈಸ್ ಆದ್ದರಿಂದಲೇ ತಪ್ಪಿತು ಎಂದು ಒಂದು ಪ್ರಕರಣ ಹಿಡಿದು ಸಾಧಿಸಲಾರೆ. ಗೆರೆಯ ಮೇಲೇ ನಿಂತಿದ್ದ ಅಂಕಿ ಆಚೆಗೊಮ್ಮೆ ಈಚೆಗೊಮ್ಮೆ ವಾಲಿರಲೂಬಹುದು. ಎರಡೂ ರಿಪೋರ್ಟಿನಲ್ಲಿ ಅಂಕಿಯನ್ನೇ ಕೊಟ್ಟಿರಲಿಲ್ಲ, ಹಸಿರು ಮತ್ತು ಕೆಂಪು ಬಣ್ಣವಷ್ಟೇ.

ದಾರಿ ತೋರಿಸಿದ ಟೆಸ್ಟು

ಅದೇ ಶಾವಿಗೆ ಎಳೆಯ ಉಳಿದ ಭಾಗವನ್ನು ಇಜಿಎಫ್‌ಆರ್ ಜೀನು ನೋಡಲು ಕಳಿಸಿದೆವು. ಧೂಮಪಾನ ಮಾಡದ ಹೆಂಗಸರ ಅಡಿನೋಕಾರ್ಸಿನೋಮದಲ್ಲಿ ಈ ಜೀನು ಕೆಟ್ಟಿರುವ ಸಂಭವ ಹೆಚ್ಚು. ಹತ್ತು ದಿನಕ್ಕೆ ಉತ್ತರ: ಆ ಜೀನಿನ ಎಕ್ಸಾನ್ 19 ಎಂಬ ಭಾಗದಲ್ಲಿ ಒಂದು ತುಂಡು ಮಾಯ. ಇದಕ್ಕೆ ಮಾತ್ರೆ ಇದೆ. ಓಸಿಮೆರ್ಟಿನಿಬ್ ಇನ್ನೂ ಉತ್ತಮ, ಆದರೆ ಅದರ ಬೆಲೆ ಕೇಳಿ ಮಗ ತಲೆ ತಗ್ಗಿಸಿದ. ಜೆಫಿಟಿನಿಬ್ 250 ಮಿಲಿಗ್ರಾಂ, ದಿನಕ್ಕೊಂದು ಎಂದು ತೀರ್ಮಾನವಾಯಿತು.

ಶುರು ಮಾಡುವ ಮೊದಲು ಒಂದು ಕೆಲಸ ಬಾಕಿ ಇತ್ತು, ಹಳೇ ಟಿಬಿ ಮಾತ್ರೆಯ ಸಂಗತಿ. ಅದರಲ್ಲಿರುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಎಬ್ಬಿಸಿ ಕೂರಿಸುತ್ತದೆ, ರಕ್ತದಲ್ಲಿ ಜೆಫಿಟಿನಿಬ್ ಐದನೇ ಒಂದು ಪಾಲಿಗೂ ಕೆಳಗಿಳಿಯುತ್ತದೆ. ಅನುಮಾನಕ್ಕೆ ಕೊಟ್ಟ ಟಿಬಿ ಮಾತ್ರೆ ನಿಲ್ಲಿಸದೆ ಇದನ್ನು ಕೊಟ್ಟಿದ್ದರೆ ಸರಿಯಾದ ಔಷಧವೂ ನೀರಿಗೆ ಸಮ. ಬಯಾಪ್ಸಿ ಬಂದ ದಿನವೇ ಅದನ್ನು ನಿಲ್ಲಿಸಿದ್ದೆವು, ಜೀನಿನ ವರದಿ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎರಡು ವಾರ ಕಳೆದಿತ್ತು.

ಮಗ ಒಂದು ರಾತ್ರಿ ವಾಟ್ಸ್ಯಾಪ್ ಕಳಿಸಿದ. ಎರಡನೇ ರಿಪೋರ್ಟಿನಲ್ಲಿ ಮಿರ್-155 ಏರಿದೆ, ಲೆಟ್-7 ಇಳಿದಿದೆ. ಹಾಗಿದ್ದವರು ಬೇಗ ಹೋಗುತ್ತಾರೆ ಎಂದು ಎಲ್ಲೋ ಓದಿದ್ದ. "ಎಷ್ಟು ದಿನ ಸರ್?" ಎಂದಷ್ಟೇ ಕೊನೆಗೆ.

ಅವನು ಓದಿದ್ದು ಸುಳ್ಳಲ್ಲ. ಜಪಾನಿನಲ್ಲಿ 143 ರೋಗಿಗಳ ಗಡ್ಡೆ ನೋಡಿ, ಲೆಟ್-7 ಕಡಿಮೆ ಇದ್ದವರು ಶಸ್ತ್ರಚಿಕಿತ್ಸೆಯ ನಂತರ ಬದುಕಿದ್ದು ಕಡಿಮೆ ಎಂದು 2004ರಲ್ಲಿ ಬರೆದರು. 2006ರಲ್ಲಿ ಇನ್ನೊಂದು ತಂಡ ಮಿರ್-155ರ ಬಗ್ಗೆಯೂ ಹಾಗೇ ಕಂಡಿತು. ಆದರೆ ಅವೆಲ್ಲ ಆಪರೇಷನ್‌ನಲ್ಲಿ ತೆಗೆದ ಗಡ್ಡೆಯೊಳಗಿನ ಅಳತೆ, ಇವನ ಕೈಲಿರುವುದು ರಕ್ತದಲ್ಲಿ ಅಳೆದದ್ದು. ರಕ್ತದ ಮಿರ್-155 ಗಡ್ಡೆಯಿಂದ ಬಂತೋ, ಬಿಳಿ ಕಣಗಳಿಂದ ಬಂತೋ ಟ್ಯೂಬು ಹೇಳುವುದಿಲ್ಲ. ನಿನ್ನ ತಾಯಿಯ ಮುಂದಿನ ದಿನಗಳನ್ನು ತೀರ್ಮಾನಿಸುವುದು ಹಂತ, ಇಜಿಎಫ್‌ಆರ್, ಮತ್ತು ಅವರು ಈಗಲೂ ತಾವೇ ಎದ್ದು ಓಡಾಡಿಕೊಂಡಿದ್ದಾರೆ ಎಂಬುದು, ಎಂದು ಬರೆದೆ. ಈ ಮಾತ್ರೆ ಕಾಯಿಲೆಯನ್ನು ಬುಡದಿಂದ ಕೀಳುವುದಿಲ್ಲ, ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಅದರ ಹಿಡಿತ ಸಡಿಲವಾಗುತ್ತದೆ ಎಂಬುದನ್ನೂ ಬರೆದೆ. ಎರಡು ನೀಲಿ ಗೆರೆ ಬಂತು. ಉತ್ತರ ಬೆಳಿಗ್ಗೆ.

ಮೂರನೇ ವಾರಕ್ಕೆ ಮುಖದ ಮೇಲೆ ಮೊಡವೆಯಂಥ ಗುಳ್ಳೆ ಎದ್ದವು, ಭೇದಿ ಎರಡು ದಿನ. ಕೆಮ್ಮು ತಿಂಗಳೊಳಗೆ ತಗ್ಗಿತು. ಜೂನ್ ಸ್ಕ್ಯಾನಿನಲ್ಲಿ 3.4 ಇದ್ದದ್ದು 1.6, ಎಡಗಡೆಯ ಮೆಣಸಿನ ಕಾಳುಗಳಲ್ಲಿ ಎರಡು ಮಾತ್ರ ಕಾಣುತ್ತಿದ್ದವು. ತೂಕ 49.

ಮಾತ್ರೆಯ ಹಿಡಿತ ಸಡಿಲವಾದ ದಿನ ಮತ್ತೆ ರಕ್ತ ತೆಗೆಯುತ್ತೇವೆ. ಆಗ ಹುಡುಕುವುದು ಗಡ್ಡೆಯಿಂದ ರಕ್ತಕ್ಕೆ ಸೋರುವ ಡಿಎನ್‌ಎ ಚೂರುಗಳಲ್ಲಿ ಟಿ790ಎಂ ಎಂಬ ಒಂದು ಬದಲಾವಣೆ. ಸಿಕ್ಕರೆ ಮಾತ್ರೆ ಬದಲಾಗುತ್ತದೆ, ಸಿಗದಿದ್ದರೆ ಮತ್ತೆ ಸೂಜಿ. ರಕ್ತ ಬೇಗ ಸ್ಪಿನ್ ಆಗಬೇಕು ಎಂಬ ನಿಯಮ ಅದಕ್ಕೂ ಇದೆ. ಮನೆಗೆ ಬರುವ ಹುಡುಗನ ಕೈಗೆ ಕೊಡಬೇಡಿ, ಇಲ್ಲಿಗೇ ಬನ್ನಿ ಎಂದು ಫೈಲಿನ ಮೇಲೆ ಕೆಂಪಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಮುಂದಿನ ತಿಂಗಳು ಬನ್ನಿ ಅಂದರೆ ಒಪ್ಪಲಿಲ್ಲ. "ಗದ್ದೆ ನಾಟಿ ಇದೆ ಡಾಕ್ಟ್ರೇ, ಆಳೇ ಸಿಗಲ್ಲ ಈಗ. ಮಾತ್ರೆ ಎರಡು ತಿಂಗಳಿಗೆ ಆಗೋಷ್ಟು ಬರ್ಕೊಡಿ." ಒಂದು ತಿಂಗಳಿಗೆ ಬರೆದುಕೊಟ್ಟೆ. ಬಚ್ಚಲಿಗೆ ಗೀಸರ್ ಹಾಕಿಸಿದ್ದೀವಿ ಎಂದು ಮಗ ಹೇಳುತ್ತಿದ್ದ. ಕರೆಂಟು ಇದ್ದರೆ ತಾನೇ ಎಂದು ಅಮ್ಮ ನಕ್ಕರು.